ಎಣಿಕೆಯಿಂದ ತೂಕಕ್ಕೆ

ಆ ಟಿಪ್ಪಣಿ ಬರೆದವಳು ನಾನೇ.
ಮೇಟಗಳ್ಳಿಯ ಗೋಡೌನಿನ ಮಹಡಿಯಲ್ಲಿ ಕೂತು
ನಾಲ್ಕು ಚೌಕ, ಮೂರು ಬಾಣ:
ಹೊಸೆತ, ಎಣಿಕೆ, ಕಟ್ಟು, ಪೆಟ್ಟಿಗೆ.
ಎರಡನೆಯ ಚೌಕಕ್ಕೆ ಅಡ್ಡಗೆರೆ ಎಳೆದು
ಪಕ್ಕದಲ್ಲಿ ಬರೆದೆ: ತೂಕ.
ಸಾವಿರ ಕಡ್ಡಿಗೆ ಇಷ್ಟು ಎಂಬುದು ಹೋಗಿ
ಕಿಲೋಗೆ ಇಷ್ಟು. ಉಳಿತಾಯ, ವಾರಕ್ಕೆ ಎರಡು ದಿನ.
ಯಜಮಾನರು ಸಹಿ ಹಾಕಿ ಕನ್ನಡಕ ತೆಗೆದರು:
'ಇಷ್ಟು ಸಣ್ಣದಕ್ಕೆ ಇಷ್ಟು ವರ್ಷ ಬೇಕಾಯ್ತಾ?'

ಸಣ್ಣದೇ. ಒಂದು ಊದುಕಡ್ಡಿಯಷ್ಟು.

ಮೊದಲ ತಿಂಗಳು ಲೆಕ್ಕ ನಕ್ಕಿತು.
ಎರಡನೆಯದರಲ್ಲಿ ಕಡ್ಡಿ ಬಸುರಾಯಿತು.
ಕೆಸರೆಗೆ ಹೋಗಿ ಕೇಳಿದೆ. ಮಹಬೂಬ್‌ಬೀ
ಹಲಗೆಯಿಂದ ಕೈ ತೆಗೆಯದೆ, ಕಡ್ಡಿ ಮುರಿದಂತೆ ಹೇಳಿದಳು:
'ತೆಳ್ಳಗೆ ಹೊಸೆದ್ರೆ ಬೆರಳು ಸವೀತದೆ,
ದಪ್ಪ ಹೊಸೆದ್ರೆ ತಕ್ಕಡಿ ಇಳೀತದೆ.
ನೀವೇ ಹೇಳಿ, ಯಾವುದನ್ನ ನೋಡ್ಲಿ?'

ದಪ್ಪ ಕಡ್ಡಿ ಇಪ್ಪತ್ತರ ಡಬ್ಬಿಯಲ್ಲಿ ಹದಿನೇಳೇ ಹಿಡಿದವು.
ಡಬ್ಬಿಯ ಮೇಲೆ ಇಪ್ಪತ್ತೆಂದು ಅಚ್ಚಾಗಿತ್ತು.
ಮಂಡಿ ಮೊಹಲ್ಲಾದ ಪ್ರೆಸ್ಸಿನವನು ಲಕ್ಷ ಡಬ್ಬಿಗೆ
ಚೀಟಿ ಅಂಟಿಸಲು ನಾಲ್ಕು ಹುಡುಗರನ್ನು ಇಟ್ಟ.
ಅಂಟು ಅವನದು, ಖರ್ಚು ನಮ್ಮದು,
ಚೀಟಿ ಸೊಟ್ಟ.

ಆಮೇಲೆ ಒದ್ದೆ. ನೀರಿಗೂ ತೂಕವಿದೆಯಲ್ಲ.
ಆಷಾಢದಲ್ಲಿ ಗೋಡೌನಿನ ಬಾಗಿಲು ತೆರೆದರೆ
ಗಂಧ ಇರಬೇಕಾದಲ್ಲಿ ಬೂಷ್ಟು.
ಒದ್ದೆ ಅಳೆಯುವ ಯಂತ್ರ ತಂದೆವು.
ಯಂತ್ರಕ್ಕೆ ಹೆದರಿ ಹೆಂಗಸರು ಕಡ್ಡಿ ಹೊತ್ತು ತಾರಸಿ ಹತ್ತಿದರು.
ತಾರಸಿಯಲ್ಲಿ ಚಿಕ್ಕತಾಯಮ್ಮನ ಸೀರೆ.
ಗಾಳಿ ಬೀಸಿತು, ಕರಿಹಿಟ್ಟು ಸೆರಗಿಗೆ ಹತ್ತಿತು,
ಹನ್ನೆರಡು ವರ್ಷ ಸಾರು-ಸಾಲನ್ ಹಂಚಿಕೊಂಡ ಎರಡು ಮನೆ
ಮಾತು ಬಿಟ್ಟವು.
ನನ್ನ ನಮೂನೆಯಲ್ಲಿ ಇದಕ್ಕೊಂದು ಅಂಕಣವಿರಲಿಲ್ಲ.

ಎಣಿಸುತ್ತಿದ್ದ ಪುಟ್ಟಮಾದಯ್ಯನ ಕೈ,
ಒಮ್ಮೆ ಮುಷ್ಟಿ ಹಾಕಿದರೆ ನೂರು. ತೊಂಬತ್ತೊಂಬತ್ತಲ್ಲ.
ಅವನನ್ನು ಗೇಟಿಗೆ ಹಾಕಿದೆವು, ಲಾರಿ ನಂಬರು ಬರೆಯಲು.
ಸಂಬಳ ಅಷ್ಟೇ, ನೆರಳೂ ಇದೆ.
ಈಗವನು ಉದುರಿದ ಬೇವಿನ ಕಡ್ಡಿಗಳನ್ನು
ಮುಷ್ಟಿ ತುಂಬ ಹಿಡಿದು, ಎಣಿಸಿ, ಚೆಲ್ಲುತ್ತಾನೆ.
ನಾನು ದಾಟುವಾಗ ನಾಚಿಕೊಂಡು,
'ಇನ್ನೂ ಹೋಗಿಲ್ಲ ನೋಡಿ.'

ಮಹಬೂಬ್‌ಬೀಯ ಮೊಮ್ಮಗಳಿಗೆ ಇಪ್ಪತ್ತೈದರ ಮಗ್ಗಿ ಬಾಯಿಪಾಠ.
ಸಂಜೆ ಸಂಜೆ ಕಟ್ಟು ಕಟ್ಟುತ್ತ ಬಂದದ್ದು.
ಅವಳ ತಮ್ಮನಿಗೆ ಕಟ್ಟುವುದಕ್ಕೇನಿಲ್ಲ;
ಹತ್ತು ದಾಟಿದರೆ ಬೆರಳು ಹುಡುಕುತ್ತಾನೆ.
'ಇದೂ ತಕ್ಕಡಿಯ ತಪ್ಪೇನು? ಹುಡುಗನೇ ದಡ್ಡನಿರಬಹುದು'
ಎಂದರು ಯಜಮಾನರು. ನ್ಯಾಯವಾದ ಪ್ರಶ್ನೆ.
ಕಡ್ಡೀನ ಗುಡ್ಡ ಮಾಡಬೇಡ ಎಂದೂ ಅಂದರು,
ಅಂದಮೇಲೆ ಯಾಕೋ ತಾವೇ ನಕ್ಕರು.

ನಮ್ಮವ್ವ ಗಡಿಯಾರ ನೋಡುವವಳಲ್ಲ.
ದೇವರಿಗೆ ಕಡ್ಡಿ ಹಚ್ಚಿ ಬೇಳೆ ಇಡುತ್ತಾಳೆ,
ಕಡ್ಡಿ ಆರಿದಾಗ ಇಳಿಸುತ್ತಾಳೆ.
ಮೂರು ತಿಂಗಳಿಂದ ಪಾತ್ರೆ ತಳ ಹಿಡಿಯುತ್ತಿದೆ.
'ಬೇಳೆ ಮೊದಲಿನ ಹಾಗೆ ಬರ್ತಿಲ್ಲ ಕಣೆ,' ಎಂದು
ಅಂಗಡಿಯವನನ್ನು ಬಯ್ಯುತ್ತಾಳೆ.
ನಾನು ಇನ್ನೂ ಹೇಳಿಲ್ಲ.
ಸೀದ ಹುಳಿ ಕಲಸಿ ಉಂಡು ಬಸ್ಸು ಹತ್ತುತ್ತೇನೆ.

ನಿನ್ನೆ ಎಲ್ಲರೂ ಹೋದಮೇಲೆ ಆ ಹಳೆಯ ಹಾಳೆ ತೆಗೆದೆ.
ನಾಲ್ಕನೆಯ ಚೌಕದಿಂದ ಹೊರಗೆ ಒಂದು ಬಾಣ,
ಪ್ರೆಸ್ಸಿಗೆ, ತಾರಸಿಗೆ, ಬೇವಿನ ಮರಕ್ಕೆ,
ಅಲ್ಲಿಂದ ಮಗ್ಗಿಗೆ, ಅಲ್ಲಿಂದ
ಹಾಳೆ ಮುಗಿಯಿತು, ಕೈ ನಿಲ್ಲಲಿಲ್ಲ.
ಮೇಜಿನ ಮೇಲೆ ಮೊಳದುದ್ದ ನೀಲಿ ಗೆರೆ.

ಬೆಳಿಗ್ಗೆ ಬಂದಾಗ ಸಣ್ಣಮ್ಮ
ಒದ್ದೆ ಬಟ್ಟೆ ಹಿಡಿದು ಕಾಯುತ್ತಿದ್ದಳು:
'ಇದು ಎಲ್ಲಿಗೆ ಹೋಗ್ಬೇಕಿತ್ತು ಮೇಡಂ?
ಒರೆಸ್ಬಿಡ್ಲಾ?'